ಬಿಸಿಯ ಲೆಕ್ಕ

ನಮ್ಮ ಕಾಲೇಜಿನ ಕೆಮಿಕಲ್ ಎಂಜಿನಿಯರಿಂಗ್ ಪ್ರಯೋಗಶಾಲೆಯ ಮುಂದೆ ಹಾಯುವಾಗ ಉಳಿದ ವಿಭಾಗದವರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ತಪ್ಪು ಅಮೋನಿಯಾದ್ದು. ಮೂಲೆಯಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸುವ ಆಳೆತ್ತರದ ಗಾಜಿನ ಕಂಬವೊಂದಿತ್ತು. ಒಳಗೆ ನೀರನ್ನೂ ಗಾಳಿಯನ್ನೂ ಚೆನ್ನಾಗಿ ಮುಟ್ಟಿಸಲು ತುಂಬಿದ ಪಿಂಗಾಣಿಯ ರಾಶಿಗ್ ಉಂಗುರಗಳು (ಟೊಳ್ಳು ತುಂಡುಗಳು), ಮೇಲಿನಿಂದ ನೀರು, ಕೆಳಗಿನಿಂದ ಅಮೋನಿಯಾ ಬೆರೆತ ಗಾಳಿ. ಕೆಳಗಿಳಿದ ನೀರನ್ನು ಟೈಟ್ರೇಷನ್ ಮಾಡಿ, ಅಂದರೆ ಆಮ್ಲ ಹನಿಸಿ ಅಳೆದು, ಎಷ್ಟು ಅನಿಲ ಕರಗಿತೆಂದು ಬರೆದು, ಹುಬ್ಬಳ್ಳಿಯ ಬೇಂದ್ರೆ ಬಸ್ ಹಿಡಿಯುವ ಆತುರ ನಮಗೆ.

ಪ್ರಯೋಗ ಮಾಡಿಸುತ್ತಿದ್ದ ಸರ್ ಬಿಡುತ್ತಿರಲಿಲ್ಲ. "ತಮ್ಮಾ, ಅನಿಲದ ಲೆಕ್ಕ ಕೊಟ್ಟೆ. ಬಿಸಿಯ ಲೆಕ್ಕ ಯಾರು ಕೊಡಬೇಕು?"

17 ಗ್ರಾಂ ಅಮೋನಿಯಾ ನೀರಿನಲ್ಲಿ ಕರಗಿದರೆ ಸುಮಾರು 34 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಒಂದು ಲೀಟರ್ ನೀರಿನ ತಾಪ 8 ಡಿಗ್ರಿ ಏರಲು ಅಷ್ಟು ಸಾಕು. ನೀರು ಬಿಸಿಯಾದಷ್ಟೂ ಅದರಲ್ಲಿ ಅನಿಲ ಕರಗುವುದು ಕಡಿಮೆ. ಕಂಬ ತನ್ನ ಕೆಲಸದಿಂದಲೇ ತನ್ನ ಕೆಲಸ ಕೆಡಿಸಿಕೊಳ್ಳುತ್ತದೆ. ಪುಸ್ತಕದ ಲೆಕ್ಕಗಳೆಲ್ಲ ತಾಪಮಾನ ಸ್ಥಿರವೆಂದೇ ಶುರುವಾಗುತ್ತಿದ್ದವು. ಏಪ್ರಿಲ್ ತಿಂಗಳ ಧಾರವಾಡದಲ್ಲಿ ತಾರಸಿಯ ಟಾಕಿಯಿಂದ ಇಳಿಯುವ ನೀರಿಗೆ ಆ ಮಾತು ಗೊತ್ತಿರಲಿಲ್ಲ.

ಒಂದು ದಿನ ಸರ್ ಗಾಜಿನ ಹೊರಮೈಗೆ ಕೆಳಗಿನಿಂದ ಮೇಲಿನವರೆಗೆ ಥರ್ಮಾಮೀಟರುಗಳನ್ನು ದಾರದಿಂದ ಕಟ್ಟಿಸಿ, ಬುರುಡೆಗಳ ಮೇಲೆ ಹತ್ತಿ ಸುತ್ತಿಸಿದರು. ಅನಿಲ ಹೆಚ್ಚು ಕರಗುವುದು ಬುಡದಲ್ಲಿ, ಆದ್ದರಿಂದ ಅಲ್ಲೇ ಅತಿ ಬಿಸಿ ಎಂದು ಎಣಿಸುವುದು ಸಹಜ. ಆದರೆ ಒಳಬರುವ ಒಣಗಾಳಿ ಬುಡದಲ್ಲಿ ಒಂದಿಷ್ಟು ನೀರನ್ನು ಆವಿ ಮಾಡಿ ತಂಪಾಗಿಸುತ್ತದೆ. ಆ ಆವಿ ಮೇಲೇರಿ, ತಣ್ಣನೆಯ ನೀರು ಸಿಕ್ಕಲ್ಲಿ ಮತ್ತೆ ದ್ರವವಾಗಿ ಶಾಖವನ್ನು ಅಲ್ಲಿ ಇಳಿಸುತ್ತದೆ. ಹೀಗೆ ಬುಡಕ್ಕಿಂತ ಮೇಲೆ ಬಿಸಿಯ ಉಬ್ಬೊಂದು ಏಳುತ್ತದೆ. ಹೊರಬಂದ ನೀರನ್ನಷ್ಟೇ ಅಳೆದವರಿಗೆ ಅದು ಕಾಣುವುದೇ ಇಲ್ಲ. ಹೆಚ್ಚು ನೀರು ಬಿಟ್ಟರೆ ಉಬ್ಬು ತಗ್ಗುತ್ತದೆ, ದ್ರಾವಣವೂ ತೆಳುವಾಗುತ್ತದೆ. ದೊಡ್ಡ ಗೋಪುರಗಳಲ್ಲಿ ದ್ರವವನ್ನು ನಡುವಿನಿಂದ ಹೊರತೆಗೆದು, ತಂಪು ಮಾಡಿ, ಮತ್ತೆ ಒಳಬಿಡುತ್ತಾರೆ.

ಮುಂದೆ ನಾನು ಸೇರಿದ್ದು ಹೈಡ್ರೋಕ್ಲೋರಿಕ್ ಆಮ್ಲದ ಘಟಕಕ್ಕೆ. ಅಲ್ಲಿ ಅಷ್ಟೇ ಸಂಖ್ಯೆಯ ಅಣುಗಳಿಗೆ ಶಾಖ ಅಮೋನಿಯಾದ ಎರಡು ಪಟ್ಟಿಗೂ ಮಿಗಿಲು: 36.5 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಅನಿಲ ನೀರಿನಲ್ಲಿ ಕರಗಿದರೆ ಸುಮಾರು 75 ಕಿಲೋಜೂಲ್. ಗ್ರಾಫೈಟ್ ಕೊಳವೆಗಳ ಒಳಗೋಡೆಯ ಮೇಲೆ ಆಮ್ಲ ತೆಳು ಪದರವಾಗಿ ಇಳಿಯುತ್ತದೆ, ಅನಿಲವೂ ಜೊತೆಗೇ ಇಳಿಯುತ್ತದೆ, ಹೊರಗೆ ತಂಪು ನೀರು ಹರಿಯುತ್ತದೆ. ಹುಟ್ಟಿದ ಜಾಗದಲ್ಲೇ ಶಾಖಕ್ಕೆ ದಾರಿ ಸಿಗುತ್ತದೆ. ಗ್ರಾಫೈಟನ್ನು ಆಮ್ಲ ತಿನ್ನುವುದಿಲ್ಲ, ಶಾಖ ದಾಟಿಸುವುದರಲ್ಲೂ ಅದು ಹಿಂದೆ ಬೀಳುವುದಿಲ್ಲ. ತಂಪು ನೀರು ನಿಂತರೆ ಮೊದಲು ಮುಚ್ಚಬೇಕಾದ್ದು ಅನಿಲದ ಕವಾಟ. ಇದನ್ನು ನನಗೆ ಅಲ್ಲಿ ಯಾರೂ ಕಲಿಸಬೇಕಾಗಲಿಲ್ಲ.

ಕಾಲೇಜಿನ ಪ್ರಯೋಗಶಾಲೆಗೆ ಹೊಸ ಕಂಬ ಬರಲಿದೆ ಎಂದು ಕೇಳಿದೆ. ಉದ್ದಕ್ಕೂ ಥರ್ಮಾಮೀಟರ್ ಕೂರಿಸಲು ರಂಧ್ರಗಳಿರುವುದನ್ನೇ ತರಿಸಿ. ನಾಲ್ಕು ಕಾಸು ಹೆಚ್ಚಾದರೆ ಹಳೆಯ ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕಿ.