ಗದ್ದೆಯಲ್ಲಿ ಸಿಕ್ಕ ಮರಿ ಯಾವ ಬೆಕ್ಕಿನದು?

ಮಲೆನಾಡಿನಲ್ಲಿ ಕಾಡಿನ ಬೆಕ್ಕುಗಳ ಮರಿಗಳು ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕೆಲಸದ ನಡುವೆ: ಭತ್ತದ ಕೊಯ್ಲು, ಬೇಲಿ ಸವರುವುದು, ಹುಲ್ಲಿನ ಬಣವೆ ಬಿಚ್ಚುವುದು. ಸಿಕ್ಕ ಕೂಡಲೇ ಫೋಟೊ ವಾಟ್ಸಾಪ್‌ಗೆ ಏರುತ್ತದೆ, ‘ಚಿರತೆ ಮರಿ’ ಎಂದು ಊರೆಲ್ಲ ಹಬ್ಬುತ್ತದೆ. ಅಷ್ಟರಲ್ಲಿ ಮರಿ ರಟ್ಟಿನ ಡಬ್ಬಿಯಲ್ಲಿ ಕೂತು, ಹಸುವಿನ ಹಾಲು ಕುಡಿದು, ಬೇಧಿ ಹಚ್ಚಿಕೊಂಡಿರುತ್ತದೆ.

ಮೊದಲು ಗುರುತು ಹಿಡಿಯೋಣ. ಚಿರತೆ ಮರಿ ಹುಟ್ಟುವಾಗಲೇ ಅರ್ಧ ಕೆಜಿ ಆಸುಪಾಸು ತೂಗುತ್ತದೆ, ಪಂಜ ಮೈಗೆ ಒಪ್ಪದಷ್ಟು ದಪ್ಪ. ನಮ್ಮ ಕಡೆಯ ಸಣ್ಣ ಬೆಕ್ಕುಗಳು ಮೂರು. ಕಾಡುಬೆಕ್ಕು (ಜಂಗಲ್ ಕ್ಯಾಟ್) ಉದ್ದ ಕಾಲಿನದು, ಬೆಳೆದದ್ದರ ಮೈಮೇಲೆ ಚುಕ್ಕೆ ಇಲ್ಲ (ಮರಿಗೆ ಪಟ್ಟೆ, ಚುಕ್ಕೆ ಇರಬಹುದು), ಕಿವಿ ತುದಿಯಲ್ಲಿ ಕಪ್ಪು ಕೂದಲಿನ ಸಣ್ಣ ಕುಚ್ಚು. ಬಾಲ ಗಿಡ್ಡ, ತುದಿಯ ಕಡೆಗೆ ಕಪ್ಪು ಬಳೆಗಳು. ಚಿರತೆ ಬೆಕ್ಕಿಗೆ ಮೈತುಂಬ ಚುಕ್ಕೆ. ಅದರ ಕಿವಿಯ ಹಿಂಭಾಗ ನೋಡಿ: ಕಪ್ಪಿನ ನಡುವೆ ಎದ್ದು ಕಾಣುವ ಬಿಳಿ ಮಚ್ಚೆ. ಮೂರನೆಯದು ತುಕ್ಕು ಚುಕ್ಕೆ ಬೆಕ್ಕು. ಪೂರ್ತಿ ಬೆಳೆದರೂ ಒಂದು, ಒಂದೂವರೆ ಕೆಜಿ ದಾಟುವುದು ಕಷ್ಟ, ಹಾಗಾಗಿ ದೊಡ್ಡದನ್ನೇ ಮರಿ ಎಂದು ಎತ್ತಿಕೊಂಡು ಬರುವವರಿದ್ದಾರೆ. ಹಲ್ಲು ನೋಡಿದರೆ ಗೊತ್ತಾಗುತ್ತದೆ. ಇನ್ನು ಪುನುಗಿನ ಬೆಕ್ಕು ಹೆಸರಿಗೆ ಮಾತ್ರ ಬೆಕ್ಕು, ಕುಟುಂಬವೇ ಬೇರೆ. ಮೂತಿ ಚೂಪಾಗಿ ಮುಂದೆ ಚಾಚಿದ್ದರೆ ಅದೇ ಇರಬೇಕು.

ಯಾವುದೇ ಇರಲಿ, ಸಾಕಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಅದಕ್ಕಿಂತ ಮುಖ್ಯವಾದ ಮಾತು: ಒಂಟಿ ಮರಿಯೆಲ್ಲ ಅನಾಥ ಮರಿಯಲ್ಲ. ತಾಯಿ ಜಾಗ ಬದಲಿಸುವಾಗ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಎರಡನ್ನು ಸಾಗಿಸಿ ಮೂರನೆಯದಕ್ಕೆ ಬರುವಷ್ಟರಲ್ಲಿ ನಾವು ಎತ್ತಿಕೊಂಡಿರುತ್ತೇವೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಅವರು ಹೇಳಿದಂತೆ ಮರಿಯನ್ನು ಸಿಕ್ಕ ಜಾಗದಲ್ಲೇ ಇಡಬೇಕು. ಗದ್ದೆ ಪೂರ್ತಿ ಕೊಯ್ದಾಗಿದ್ದರೆ ಪಕ್ಕದ ಬದುವಿನ ಮರೆ ಸಾಕು. ಪ್ಲಾಸ್ಟಿಕ್ ಕ್ರೇಟ್ ಅನುಕೂಲ: ಮರಿ ಹತ್ತಿ ಹೊರಬರಬಾರದು, ತಾಯಿ ಇಳಿದು ಎತ್ತಿಕೊಳ್ಳುವಂತಿರಬೇಕು. ಒಳಗೆ ಒಣಹುಲ್ಲು ಹಾಕಿ. ಮುಸ್ಸಂಜೆಗೆ ಇಟ್ಟು, ನಾಯಿಗಳನ್ನು ಕಟ್ಟಿಹಾಕಿ, ನೂರು ಮೀಟರ್ ದೂರ ಹೋಗಿ. ಟಾರ್ಚ್ ಹಿಡಿದು ಹತ್ತು ನಿಮಿಷಕ್ಕೊಮ್ಮೆ ನೋಡಿಬರುವ ಚಾಳಿಯಿಂದಲೇ ಎಷ್ಟೋ ಪ್ರಯತ್ನ ಕೆಡುತ್ತದೆ. ಮೊದಲ ರಾತ್ರಿ ತಾಯಿ ಬಾರದಿದ್ದರೆ ಎರಡನೇ ರಾತ್ರಿಯೂ ಇಡಬೇಕು, ನಡುವಿನ ಹಗಲು ಮರಿಯನ್ನು ಬೆಚ್ಚಗಿಟ್ಟು ಆಹಾರ ಕೊಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತಿಗೆ ಹೆದರಬೇಕಿಲ್ಲ. ಆದರೂ ಕೈಗವಸು ಹಾಕಿ, ಅದು ಕಚ್ಚು, ಸೋಂಕಿನಿಂದ ತಪ್ಪಿಸಿಕೊಳ್ಳಲು.

ತಾಯಿ ಸತ್ತಿರುವುದು ಖಾತ್ರಿಯಾದರೆ ಮರಿ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನ ಮೊದಲ ನಿಯಮ: ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೈಬಿಸಿ 35 ಡಿಗ್ರಿಗಿಂತ ಕೆಳಗಿದ್ದರೆ ಕರುಳು ಕೆಲಸ ಮಾಡದೆ ಹಾಲು ಹೊಟ್ಟೆಯಲ್ಲೇ ಕೆಡುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಆಮೇಲೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ. 3, ಬೆಕ್ಕಿನ ಹಾಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. 100 ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ 4 ಮಿ.ಲೀ. ಸಾಕು, ಮೊದಲ ವಾರ ಎರಡು–ಮೂರು ತಾಸಿಗೊಮ್ಮೆ. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮರಿ ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆತ್ತಿ ಕುಡಿಯಬೇಕು. ಕುಡಿಸಿದ ಮೇಲೆ ಬೆಚ್ಚನೆ ಒದ್ದೆ ಹತ್ತಿಯಿಂದ ಹಿಂಭಾಗ ಸವರದಿದ್ದರೆ ಮೂತ್ರವೂ ಬರುವುದಿಲ್ಲ, ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ದಿನಾ ಒಂದೇ ಹೊತ್ತಿಗೆ ತೂಕ ಬರೆದಿಡಬೇಕು. ಎರಡು ದಿನ ತೂಕ ನಿಂತರೆ ವೈದ್ಯರನ್ನು ಕರೆಯಬೇಕು.

ಮಾಂಸಕ್ಕೆ ಬದಲಾಯಿಸುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಪ್ರೀತಿಯಿಂದ ಮೂಳೆ ತೆಗೆದ ಕೋಳಿಮಾಂಸವನ್ನೇ ಕೊಟ್ಟರೆ ಒಂದೆರಡು ತಿಂಗಳಲ್ಲಿ ಮರಿಯ ಹಿಂಗಾಲು ಬಾಗುತ್ತದೆ, ಹಾರಿದರೆ ಮುರಿಯುತ್ತದೆ. ಒಂದು ಕೆಜಿ ಮಾಂಸದಲ್ಲಿ ರಂಜಕ ಸುಮಾರು 2 ಗ್ರಾಂ, ಕ್ಯಾಲ್ಸಿಯಂ ಬರೀ 0.1 ಗ್ರಾಂ. ಮೈಗೆ ಬೇಕಾದ್ದು ಎರಡೂ ಹೆಚ್ಚುಕಮ್ಮಿ ಸಮವಾಗಿ, ಕ್ಯಾಲ್ಸಿಯಂ ಒಂದು ಕೈ ಮೇಲೆ. ಕೊರತೆ ತುಂಬಲು ದೇಹ ತನ್ನ ಮೂಳೆಯನ್ನೇ ಕರಗಿಸುತ್ತದೆ. ಹಾಗಾಗಿ ಮೂಳೆ, ಪುಕ್ಕ, ಈಲಿ ಸಮೇತ ಇಡೀ ಕೋಳಿಮರಿ ಅಥವಾ ಇಲಿ ಕೊಡುವುದೇ ಸರಿ. ಅದು ಸಿಗದ ದಿನ ಕೆಜಿಗೆ 5–6 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಕಲಸಬೇಕು.

ಗೂಡು ತೊಳೆಯಲು ನಮ್ಮ ಮನೆಗಳ ಫಿನಾಯಿಲ್ ಬೇಡವೇ ಬೇಡ. ಫೀನಾಲ್ ಜಾತಿಯ ವಿಷವನ್ನು ಬೆಕ್ಕಿನ ಪಿತ್ತಜನಕಾಂಗ ಕಳೆಯಲಾರದು. ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುವುದೂ ಅದೇ ಕಾರಣಕ್ಕೆ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ತೊಳೆದು, ಒಣಗಿಸಿ, ಆಮೇಲೆ ಮರಿ ಬಿಡಬೇಕು. ಬೆಕ್ಕುಗಳಿಗೆ ಮಾರಕವಾದ ಪ್ಯಾನ್‌ಲ್ಯುಕೋಪೀನಿಯಾ ರೋಗದ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸುಮ್ಮನೆ ನೀರು ಹೊಡೆದರೆ ಹೋಗುವಂಥದ್ದಲ್ಲ. ಉಣ್ಣಿ ಹುಳಕ್ಕೆಂದು ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿಯೂ ಬೆಕ್ಕಿಗೆ ವಿಷವೇ.

ಈಗ ಮಿಶ್ರತಳಿಯ ವಿಷಯ, ಸಿಕ್ಕ ಮರಿ ಎರಡು ಜಾತಿ ಬೆರೆತು ಹುಟ್ಟಿದ್ದೂ ಇರಬಹುದಲ್ಲ. ದೊಡ್ಡ ಬೆಕ್ಕುಗಳಲ್ಲಿ ಇದು ಹಳೆಯ ಹುಚ್ಚು. ಕೋಲ್ಕತ್ತಾದ ಅಲಿಪೋರ್ ಮೃಗಾಲಯದಲ್ಲಿ ಗಂಡು ಹುಲಿ–ಹೆಣ್ಣು ಸಿಂಹಕ್ಕೆ ಹುಟ್ಟಿದ ರುದ್ರಾಣಿಯನ್ನು ಮತ್ತೆ ಸಿಂಹದೊಂದಿಗೆ ಕೂಡಿಸಿ, 1970ರ ದಶಕದಲ್ಲಿ ಮರಿ ಮಾಡಿಸಿದ್ದರು. ನೋಡಲು ಜನ ಸೇರಿದರು, ಸಂರಕ್ಷಣೆಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ಆ ಮರಿಯನ್ನು ಯಾವ ಕಾಡಿಗೆ ಬಿಡುವುದು? ಚಂಡೀಗಡದ ಬಳಿಯ ಛತ್‌ಬೀರ್ ಮೃಗಾಲಯದಲ್ಲಿ ಏಷ್ಯಾ–ಆಫ್ರಿಕಾ ಸಿಂಹಗಳು ಬೆರೆತುಹೋಗಿ, ಕೊನೆಗೆ ಆ ಸಂತತಿಯನ್ನೇ ನಿಲ್ಲಿಸಬೇಕಾಯಿತು.

ಸಣ್ಣ ಬೆಕ್ಕುಗಳ ಮಿಶ್ರಣ ವ್ಯಾಪಾರದಿಂದ ಬಂದದ್ದು. ಚಿರತೆ ಬೆಕ್ಕು ಮತ್ತು ಮನೆಬೆಕ್ಕಿನಿಂದ ಬೆಂಗಾಲ್ ತಳಿ, ಕಾಡುಬೆಕ್ಕಿನಿಂದ ಚೌಸಿ, ಆಫ್ರಿಕಾದ ಸರ್ವಲ್ ಎಂಬ ಕಾಡಿನ ಬೆಕ್ಕಿನಿಂದ ಸವಾನಾ. ಸರ್ವಲ್ ಗರ್ಭ 73 ದಿನಗಳ ಆಸುಪಾಸಿನದು, ಮನೆಬೆಕ್ಕಿನದು 65, ಹಾಗಾಗಿ ಮೊದಲ ತಲೆಮಾರಿನ ಮರಿಗಳು ದಿನ ತುಂಬುವ ಮೊದಲೇ ಹುಟ್ಟುವುದುಂಟು. ಮೊದಲ ತಲೆಮಾರುಗಳ ಗಂಡುಗಳು ಸಾಮಾನ್ಯವಾಗಿ ಬಂಜೆ. ಗೋಡೆ, ಸೋಫಾ, ಹಾಸಿಗೆಗೆಲ್ಲ ಮೂತ್ರ ಹಾರಿಸಿ ಗಡಿ ಹಾಕುತ್ತವೆ. ವಿದೇಶದ ಆಶ್ರಯಧಾಮಗಳಿಗೆ ಮಾಲೀಕರು ಇವನ್ನು ತಂದುಬಿಡುವುದು ಬಹುಪಾಲು ಆ ಕಾಟಕ್ಕೆ. ಅಲ್ಲಿಂದ ಮುಂದೆ ಹದಿನೈದು ವರ್ಷ ಬಲೆಯೊಳಗೇ ಬದುಕು: ಮೇಲೂ ಮುಚ್ಚಿದ ಜಾಲರಿ, ಎರಡು ಬಾಗಿಲು, ಎತ್ತರದಲ್ಲಿ ಅಡಗುಪೆಟ್ಟಿಗೆ.

ನಮ್ಮಲ್ಲಿ ಯಾರೂ ಕೂಡಿಸಬೇಕಿಲ್ಲ, ತಾನಾಗಿಯೇ ಆಗುತ್ತದೆ. ಕಾಡುಬೆಕ್ಕು ಮನೆಬೆಕ್ಕಿನ ಕುಲದ್ದೇ, ಇಬ್ಬರಿಗೂ 38 ವರ್ಣತಂತು, ಗರ್ಭದ ಅವಧಿಯೂ ಹೆಚ್ಚುಕಮ್ಮಿ ಒಂದೇ. ಕಾನಿನ ಅಂಚಿನ ಮನೆಯ ಹೆಣ್ಣು ಬೆದೆಗೆ ಬಂದಾಗ ಕಾಡಿನ ಬಾವುಗ ಕೊಟ್ಟಿಗೆಯವರೆಗೂ ಬಂದೀತು. ಸ್ಕಾಟ್ಲೆಂಡಿನಲ್ಲಿ ಹೀಗೇ ಬೆರೆತು ಬೆರೆತು ಅಲ್ಲಿನ ಕಾಡುಬೆಕ್ಕಿನ ಶುದ್ಧ ಸಂತತಿ ಮುಗಿಯುವ ಹಂತಕ್ಕೆ ಬಂತು, 2023ರಿಂದ ಸಾಕಿ ಬೆಳೆಸಿದವನ್ನು ಕೇರ್ನ್‌ಗಾರ್ಮ್ಸ್ ಬೆಟ್ಟಗಳಿಗೆ ಬಿಡುತ್ತಿದ್ದಾರೆ.

ಹಾಗಾಗಿ ತೋಟದ ಮನೆಯವರು ಮಾಡಬೇಕಾದ್ದು ಇಷ್ಟು. ಮನೆಬೆಕ್ಕಿನ ಮರಿಗೆ ಎಂಟು ವಾರವಾದಾಗ ಮೊದಲ ಲಸಿಕೆ, ಮೂರು–ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳಿಗೆ ರೇಬೀಸ್. ಐದು ತಿಂಗಳೊಳಗೆ, ಮೊದಲ ಬೆದೆಗೆ ಮುಂಚೆ, ಸಂತಾನಹರಣ. ಅದೇ ಅರಿವಳಿಕೆಯಲ್ಲಿ ಎಡಗಿವಿಯ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸಲು ಹೇಳಿ. ಕಾಡಂಚಿನ ಕ್ಯಾಮೆರಾದಲ್ಲಿ ರಾತ್ರಿಯ ಕಪ್ಪು-ಬಿಳುಪು ಚಿತ್ರ ಬಿದ್ದಾಗ, ಕುಚ್ಚಿರುವ ಕಿವಿಯದು ಯಾರು, ಮೊಂಡು ಕಿವಿಯದು ಯಾರು ಎಂದು ತಕ್ಷಣ ತಿಳಿಯುತ್ತದೆ.