ಮರ ಕಾಣುತ್ತದೋ, ಮರದ ಚಿತ್ರ ಕಾಣುತ್ತದೋ?

ತತ್ತ್ವಶಾಸ್ತ್ರದ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಾದವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಈಚೀಚೆಗೆ ಅದು ಪ್ರಶ್ನೆಗಿಂತ ತೀರ್ಪಿನ ಹಾಗೇ ಬರುತ್ತದೆ: "ನಾವು ನೋಡೋದು ಹೊರಗಿನ ಮರವನ್ನಲ್ಲ, ಮೆದುಳು ಕಟ್ಟಿಕೊಡೋ ಮರದ ಚಿತ್ರವನ್ನ. ಇದನ್ನ ವಿಜ್ಞಾನ ಸಾಬೀತು ಮಾಡಿದೆ ಅಲ್ವಾ?"

ಇಲ್ಲ. ಕಾಣುವುದು ಮರವೇ.

ಎಲೆಯಿಂದ ಹೊರಟ ಬೆಳಕು ಅಕ್ಷಿಪಟಲಕ್ಕೆ ಬೀಳುತ್ತದೆ, ಅಲ್ಲಿಂದ ನರದ ಮೂಲಕ ಸಂಕೇತ ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ಇದರಲ್ಲಿ ಒಂದು ಕೊಂಡಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಇದೆಲ್ಲ ಮರ ಹೇಗೆ ಕಾಣುತ್ತದೆ ಎಂಬುದರ ವಿವರ. ಏನು ಕಾಣುತ್ತದೆ ಎಂಬುದರದ್ದಲ್ಲ. ಕನ್ನಡಕ ಹಾಕಿಕೊಂಡು ಓದುವವರು ಕನ್ನಡಕವನ್ನು ಓದುವುದಿಲ್ಲ. ಒಳಗಿರುವ ಚಿತ್ರವನ್ನೇ ನೋಡುವುದಾದರೆ ಅದನ್ನು ನೋಡಲು ಒಳಗೊಂದು ಕಣ್ಣು ಬೇಕು, ಆ ಕಣ್ಣಿನ ಹಿಂದೆ ಮತ್ತೊಂದು ಚಿತ್ರ ಬೇಕು. ನೇರವಾಗಿ ದಕ್ಕುವುದು ಒಳಗಿನ ಚಿತ್ರ, ವಸ್ತು ಅದರ ಮೂಲಕ ಮಾತ್ರ ಎನ್ನುವ ಪರೋಕ್ಷವಾದಿಗಳಲ್ಲಿ ಜಾಣರು "ಚಿತ್ರವನ್ನು ನೋಡುತ್ತೇವೆ" ಎನ್ನದೆ "ಅದರ ಅರಿವಿರುತ್ತದೆ" ಎನ್ನುತ್ತಾರೆ. ಪದ ಬದಲಾಯಿತು, ತೊಡಕು ಅಲ್ಲೇ ಉಳಿಯಿತು.

ಅವರ ಹಳೆಯ ವಾದಗಳಲ್ಲಿ ನನಗೆ ಇಷ್ಟವಾದದ್ದು ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಹೂಡಿದ್ದು. ಮೇಜಿನಿಂದ ದೂರ ಸರಿದಂತೆ ಕಾಣುವ ಮೇಜು ಚಿಕ್ಕದಾಗುತ್ತದೆ, ನಿಜವಾದ ಮೇಜು ಇದ್ದಷ್ಟೇ ಇರುತ್ತದೆ. ಹಾಗಾಗಿ ನಮ್ಮ ಮನಸ್ಸಿನ ಮುಂದಿದ್ದದ್ದು ಮೇಜಲ್ಲ, ಅದರ ಬಿಂಬ. ಓದಿದಾಗ ತಲೆದೂಗಬೇಕು ಅನಿಸುತ್ತದೆ. 1785ರಲ್ಲಿ ಅದೇ ನಾಡಿನ ತತ್ತ್ವಜ್ಞಾನಿ ಥಾಮಸ್ ರೀಡ್ ಇದನ್ನೇ ತಿರುಗಿಸಿ ಹೊಡೆದ. ನಿಜವಾದ ಮೇಜೇ ಎದುರಿಗಿದ್ದರೆ ಅದು ದೂರದಿಂದ ಹೇಗೆ ಕಾಣಬೇಕು? ಚಿಕ್ಕದಾಗಿಯೇ, ಅದೂ ರೇಖಾಗಣಿತ ಹೇಳುವಷ್ಟೇ ಚಿಕ್ಕದಾಗಿ. ಹಾಗೆ ಕಂಡದ್ದನ್ನು ಮೇಜಿನ ವಿರುದ್ಧದ ಸಾಕ್ಷಿ ಮಾಡುವುದು ಎಲ್ಲಿಯ ನ್ಯಾಯ?

ಈಗಲೇ ಒಂದು ಕೆಲಸ ಮಾಡಿ. ಒಂದು ಕೈಯನ್ನು ಪೂರ್ತಿ ಚಾಚಿ, ಇನ್ನೊಂದನ್ನು ಅದರ ಅರ್ಧ ದೂರದಲ್ಲಿ ಹಿಡಿಯಿರಿ. ಎರಡೂ ಅಂಗೈ ಹೆಚ್ಚುಕಡಿಮೆ ಒಂದೇ ಗಾತ್ರ ಅನಿಸುತ್ತವೆ. ಅಕ್ಷಿಪಟಲದ ಮೇಲೆ ಮಾತ್ರ ದೂರದ ಕೈಯ ಬಿಂಬ ಹತ್ತಿರದ್ದರ ಅರ್ಧದಷ್ಟಿರುತ್ತದೆ. ಈಗ ಒಂದು ಕಣ್ಣು ಮುಚ್ಚಿ, ಹತ್ತಿರದ ಕೈ ದೂರದ ಕೈಯನ್ನು ಸ್ವಲ್ಪ ಮರೆಮಾಡುವಂತೆ ಸರಿಸಿ. ದೂರದ ಕೈ ತಟ್ಟನೆ ಕುಗ್ಗುತ್ತದೆ! "ಮೊದಲು ಚಿತ್ರ, ಅದರ ಮೂಲಕ ವಸ್ತು" ಎನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು. ನಮಗೆ ಸುಲಭವಾಗಿ ದಕ್ಕಿದ್ದು ಕೈ. ಚಿತ್ರವನ್ನು ಹಿಡಿಯಲು ಕಣ್ಣು ಮುಚ್ಚಬೇಕಾಯಿತು, ಕೈ ಸರಿಸಬೇಕಾಯಿತು. ಚಿತ್ರಕಲೆ ಕಲಿಯುವವರು ವರ್ಷಗಟ್ಟಲೆ ಒದ್ದಾಡುವುದೂ ಇದಕ್ಕೇ. ಮೆದುಳು ನಮಗೆ ತಿಳಿಯದಂತೆ ಲೆಕ್ಕ ಹಾಕಿ ಗಾತ್ರ ಸರಿಮಾಡಿತು ಎನ್ನಬಹುದು. ಹಾಕಲಿ, ನಮಗೆ ತಿಳಿಯದ ಲೆಕ್ಕ ನಾವು ನೋಡಿದ ವಸ್ತುವಾಗುವುದಿಲ್ಲ.

ಇದು ಪಶ್ಚಿಮದವರ ಜಗಳ ಮಾತ್ರವಲ್ಲ. ಬೌದ್ಧರಲ್ಲಿ ಸೌತ್ರಾಂತಿಕರೆಂಬ ಪಂಥದವರು ಜ್ಞಾನದಲ್ಲಿ ಮೂಡಿದ ಆಕಾರದಿಂದ ಹೊರಗಿನ ವಸ್ತುವನ್ನು ಊಹಿಸಿ ತಿಳಿಯಬೇಕು ಎಂದರು. ಬಾಹ್ಯಾನುಮೇಯವಾದ, ಅಂದರೆ ಹೊರಗಿನದು ಊಹೆಯಿಂದ ತಿಳಿಯುವಂಥದ್ದು ಎಂಬ ವಾದ, ಎಂಬ ಹೆಸರು ಬಂದದ್ದು ಹಾಗೆ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪಲಿಲ್ಲ. ಇಂದ್ರಿಯವೂ ವಸ್ತುವೂ ಕೂಡಿದಾಗ ಹುಟ್ಟುವುದು ಪ್ರತ್ಯಕ್ಷ, ಆಕಾರ ವಸ್ತುವಿನದೇ, ಜ್ಞಾನಕ್ಕೆ ಬೇರೆ ಆಕಾರವಿಲ್ಲ ಎಂದರು. ನಾನು ನೈಯಾಯಿಕರ ಕಡೆ.

ಉಳಿದ ಆಕ್ಷೇಪಗಳಿಗೆ ಇಷ್ಟು ಕಾಲ ಬೇಡ. ನೀರಿನಲ್ಲಿ ಅದ್ದಿದ ಕೋಲು ಸೊಟ್ಟಗೆ ಕಾಣುವುದು ಬೆಳಕು ಬಾಗುವುದರಿಂದ. ಫೋಟೋದಲ್ಲೂ ಸೊಟ್ಟಗೇ ಬರುತ್ತದೆ, ಕ್ಯಾಮೆರಾಗೇನು ಮನಸ್ಸಿದೆಯೇ? ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು, ನಿಜ. ಹಾಗಾಗಿ 8 ನಿಮಿಷ ಹಿಂದಿನ ಸೂರ್ಯನನ್ನು ನೋಡುತ್ತೇವೆ. ನೋಡುವುದು ಸೂರ್ಯನನ್ನೇ. ನೇರ ಎಂದರೆ ತಕ್ಷಣ ಎಂದು ಯಾರು ಹೇಳಿದರು?

ನನಗೆ ಕಷ್ಟವಾಗುವುದು ಭ್ರಮೆ. ಜ್ವರ ತಲೆಗೇರಿದವನಿಗೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಅಲ್ಲಿ ಯಾರೂ ಇಲ್ಲ. ಅವನು ಕಂಡದ್ದು ಚಿತ್ರವನ್ನು ಎಂದಾದರೆ, ನಿಜವಾಗಿ ಯಾರಾದರೂ ನಿಂತಾಗಲೂ ಅವನಿಗೆ ಹಾಗೇ ಅನಿಸುವುದರಿಂದ ಆಗಲೂ ಚಿತ್ರವನ್ನೇ ಕಂಡಿರಬೇಕಲ್ಲ? 1960ರ ದಶಕದಲ್ಲಿ ತತ್ತ್ವಜ್ಞಾನಿ ಜೆ. ಎಂ. ಹಿಂಟನ್ ಈ ಜಿಗಿತವನ್ನು ತಡೆಯುವ ದಾರಿ ತೋರಿಸಿದ: ಎರಡೂ ಸ್ಥಿತಿಗಳಲ್ಲಿ ಒಂದೇ ಬಗೆಯ ಅನುಭವ ಇದೆ ಎಂದುಕೊಳ್ಳಬೇಕಾಗಿಲ್ಲ. ಖೋಟಾ ನೋಟನ್ನು ನಮ್ಮಿಂದ ಗುರುತಿಸಲಾಗದಿದ್ದರೆ ಅದು ಅಸಲಿ ಆಗುವುದಿಲ್ಲ, ಅಸಲಿ ನೋಟು ಖೋಟಾ ಕೂಡ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಎದುರಿನವರು ಒಂದು ಕಲ್ಲು ಇಡುತ್ತಾರೆ. ಎರಡೂ ಸಲ ಮೆದುಳು ಚಾಚೂ ತಪ್ಪದೆ ಒಂದೇ ಸ್ಥಿತಿಯಲ್ಲಿತ್ತು ಅನ್ನಿ. ಭ್ರಮೆಯಲ್ಲಿ ಅಷ್ಟೇ ಸಾಕಾದದ್ದು ನಿಜ ನೋಟದಲ್ಲಿ ಏಕೆ ಸಾಲದು? ಅನುಭವ ಎಂಬುದು ತಲೆಯೊಳಗೇ ಮುಗಿಯುವಂಥದ್ದಲ್ಲ, ಬಾಗಿಲಲ್ಲಿ ನಿಂತವನೂ ಅದರ ಭಾಗ ಎಂದು ನಾನು ಹೇಳಬೇಕಾಗುತ್ತದೆ. ಹೇಳುತ್ತೇನೆ ಕೂಡ. ಹೇಳುವಾಗ ದನಿ ಮಾತ್ರ ಸ್ವಲ್ಪ ಇಳಿಯುತ್ತದೆ.