ವಿಶ್ವಾಸ ಐತಕ್ಕ, ನಂಬಿಕೆ ಇಲ್ಲ

ಗುರುವಾರ, 13 ಜೂನ್ 2024
ಶ್ರೀನಗರ, ಬೆಂಗಳೂರು

ಸಂಜು ಅಮ್ಮ ಇವತ್ತು ಪಾತ್ರೆ ತೊಳೆದಾದ ಮೇಲೂ ಹೊರಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಪರ್ಸಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಮಗನ ಗಣಿತದ ನೋಟ್‌ಬುಕ್ಕಿನ ಚೌಕದ ಹಾಳೆ. 20 ತಿಂಗಳ ಹೆಸರು ಸಾಲಾಗಿ, ಅದರಲ್ಲಿ 13 ಹೆಸರುಗಳ ಮುಂದೆ ಹಸಿರು ಪೆನ್ನಿನ ಗುರುತು. ತಿಂಗಳಿಗೆ ಎರಡು ಸಾವಿರದ ಚೀಟಿ. ಇನ್ನೂ ಎತ್ತಿಲ್ಲ.

"ಚೀಟಿ ನಡ್ಸೋರು ಎರಡು ದಿನದಿಂದ ಫೋನ್ ಎತ್ತುತಾ ಇಲ್ಲಕ್ಕ."

"ನಂಬಿಕೆ ಇರೋರ ಹತ್ರ ತಾನೇ ಹಾಕಿರೋದು?"

"ಅವ್ರ ಮೇಲೆ ವಿಶ್ವಾಸ ಐತಕ್ಕ. ನಂಬಿಕೆ ಇಲ್ಲ."

ಸಂಜು ಹುಟ್ಟಿದಾಗ ಬಾಣಂತನ ಮಾಡಿದ್ದು ಅವರೇ ಅಂತೆ. ದಿನಾ ನೀರು ಕಾಯಿಸಿ ಎರೆದವರು ಬಂದು ಸೇರ್ಕೋ ಅಂದಾಗ ಇಲ್ಲ ಅನ್ನೋಕೆ ಇವಳಿಗೆ ಬಾಯಿ ಬರಲಿಲ್ಲ. ಅಳುಕು ಮೊದಲ ಕಂತಿನಿಂದಲೂ ಇತ್ತು.

ಇಷ್ಟು ವರ್ಷ ನಾನು ಎರಡೂ ಪದ ಒಂದೇ ಅಂದುಕೊಂಡಿದ್ದೆ. ಅಪ್ಪನ ಕಾಗದಗಳೆಲ್ಲ 'ಇಂತಿ ನಿಮ್ಮ ವಿಶ್ವಾಸಿ' ಅಂತ ಮುಗಿಯುತ್ತಿದ್ದವು. ಅಲ್ಲಿದ್ದದ್ದು ಪ್ರೀತಿ. ಬೀಳ್ಕೊಡುವಾಗ 'ವಿಶ್ವಾಸ ಇರಲಿ' ಅನ್ನುವುದೂ ಅದನ್ನೇ. ವಿಧಾನಸೌಧದಲ್ಲಿ ಮಾತ್ರ ಅದಕ್ಕೆ ತಲೆ ಎಣಿಸುತ್ತಾರೆ. 23 ಜುಲೈ 2019ರ ಸಂಜೆ ವಿಶ್ವಾಸಮತಕ್ಕೆ ಪರ 99, ವಿರುದ್ಧ 105 ಬಿದ್ದು ಸರ್ಕಾರ ಉರುಳಿದ್ದನ್ನು ನಾವೆಲ್ಲ ಟಿವಿ ಮುಂದೆ ಕೂತು ನೋಡಿದ್ದೆವಲ್ಲ. ನಂಬಿಕೆ ಬೇರೆ. ಅದರಲ್ಲಿ ನಮ್ಮ ಭಾರ ಇನ್ನೊಬ್ಬರ ಮೇಲೆ ಬಿಡೋದಿದೆ. ಮಳೆ ನಂಬಿಕೊಂಡು ಬಿತ್ತುತ್ತಾರೆ. ಮಳೆಯ ಮೇಲೆ ವಿಶ್ವಾಸ ಅಂತ ಯಾವ ರೈತನೂ ಅನ್ನಲ್ಲ. ಈ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ.

1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ, ನೋಂದಣಿ ಎಲ್ಲ ಬೇಕು ಅಂತ ಹೇಳಿದೆ. ತಲೆಯಾಡಿಸಿದಳು, ಅಷ್ಟೇ. ಬಾಣಂತನ ಮಾಡಿದವರ ಹತ್ತಿರ ರಿಜಿಸ್ಟ್ರೇಷನ್ ನಂಬರ್ ಹೇಗೆ ಕೇಳಿಯಾಳು? ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಅಮ್ಮನಿಗೆ ಫೋನ್ ಮಾಡಬೇಕಿತ್ತು, ಇವತ್ತೂ ಆಗಲಿಲ್ಲ. ಮಂಡಿ ನೋವು ಹೇಗಿದೆಯೋ.

ಹೋಗುವಾಗ ಸಂಜು ಅಮ್ಮ, "ಈ ಹಾಳೆ ನಿಮ್ಮತ್ರಾನೇ ಇರ್ಲಿ, ನಮ್ಮೆಜಮಾನ್ರ ಕೈಗೆ ಸಿಕ್ರೆ ಜಗಳ. ನಿಮ್ಮನ್ನ ನಂಬ್ಕೊಂಡಿದೀನಿ ಅಕ್ಕ" ಅಂದಳು. ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟೆ.

ನಿದ್ದೆ ಬರದೆ ಈಗ ಮತ್ತೆ ತೆಗೆದು ನೋಡಿದೆ. ತಿಂಗಳು, ಮೊತ್ತ, ಹಸಿರು ಗುರುತು, ಎಲ್ಲ ಅವಳದೇ ಕೈಬರಹ. ದುಡ್ಡು ಇಸ್ಕೊಂಡವರ ಸಹಿ ಒಂದು ಕಡೆಯೂ ಇಲ್ಲ. ನಾಳೆ ಬೆಳಗ್ಗೆ ಬಂದಾಗ ಇದನ್ನ ಅವಳಿಗೆ ಹೇಗೆ…